ಒಂದೇ ಮನೆಯ ಎಲುಬು

ಹೊಸಪೇಟೆಯ ಎಲುಬಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮುಂಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗಿ, ಜೊತೆಗೆ ತಾಯಿ.

“ಮನ್ಯಾಗ ಬ್ಯಾರೆ ಯಾರದಾದ್ರೂ ಎಲುಬು ಮುರಿದೈತೇನಂತ ಡಾಕ್ಟರು ಕೇಳಿದ್ರ, ಇಲ್ಲ ಅನ್ನು.”

“ನಿಮ್ಮವ್ವನ ಸೊಂಟ ಮುರೀತಲ್ಲ.”

“ಆಕಿಗೆ ವಯಸ್ಸಾಗಿತ್ತು.”

“ಆಗ ಆಕಿಗೆ ಈಗಿನ ನಿನ್ನಷ್ಟ ವಯಸ್ಸು. ಮಾವನ ಕಾಲೂ ಎರಡು ಸಲ ಮುರಿದೈತಿ.”

“ಅದು ಟಿಪ್ಪರಿಂದ ಆಗಿದ್ದು. ಸಂಡೂರು ಗಣಿ ರಸ್ತಾ ಹೆಂಗೈತಿ, ನಿನಗೇನು ಗೊತ್ತು.”

“ನಿಂತ ಟಿಪ್ಪರಿಂದ ಇಳಿಯೋವಾಗ ಮುರೀತು.”

“ನನ್ನ ತಮ್ಮನ್ನ ಆಡಿಕೋಬ್ಯಾಡ. ಬರೋ ತಿಂಗಳು ನಿನ್ನ ಗಂಡ ಆಗೋನು.”

“ಅದಕ್ಕ ಹೇಳ್ತೀನಿ. ಎಲುಬಿನ ಗಟ್ಟಿತನ ವಂಶದಾಗ ಬರ್ತೈತಂತ. ಇಬ್ಬರದೂ ಒಂದ ಮನಿ ಎಲುಬು. ಹುಟ್ಟೋ ಕೂಸಿನ ಗತಿ ಏನು?”

“ಹೊರಗಿನೋರಿಗೆ ಕೊಟ್ರ, ಹುಡುಗಿಗೆ ದೋಷ ಐತಿ ಅಂತಾರ. ಇವ ಅನ್ನಂಗಿಲ್ಲ.”

“ಹೆಂಗಂತಾನ? ಅವನಿಗೂ ಅದ ಐತಿ.”

“ಲಗ್ನಪತ್ರಿಕಿ ಅಚ್ಚಿಗೆ ಕೊಟ್ಟೈತಿ, ಶಾಂಭವಿ.”

“ಪ್ರೂಫ್ ಇನ್ನೂ ಬಂದಿಲ್ಲಲ್ಲ.”

ನರ್ಸ್ ಹೆಸರು ಕೂಗಿದಳು. ತಾಯಿಯೂ ಎದ್ದಳು.

“ನೀ ಕುಂದ್ರು,” ಎಂದ ಹುಡುಗಿ ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.