ಗಾಡಿ ಬರದ ಓಣಿ

ಬಸವೇಶ್ವರನಗರದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ಮನೆ ಬ್ರೋಕರ್ ಮತ್ತು ಬಾಡಿಗೆ ಮನೆ ಹುಡುಕುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು.

“ಆ ವಠಾರ ಬೇಡಮ್ಮ. ಓಣಿ ಕಿರಿದು, ಸ್ಕೂಟರೂ ಒಳಗೆ ಬರಲ್ಲ. ಅಂಥ ಮನೆ ಯಾರು ತಗೋತಾರೆ?”

“ನಾನು ತಗೋತೀನಿ ಮರಿಯಪ್ಪ.”

“ಈಗಿರೋ ಮನೆ ರೋಡ್ ಮೇಲೇ ಐತಲ್ಲ!”

“ಅದೇ ಕಷ್ಟ. ಸಾಯಂಕಾಲ ಯಾರ ಸ್ಕೂಟರ್ ನಿಂತ್ರೂ ಎದ್ದು ಕಾಫಿಗೆ ಇಡ್ತೀನಿ.”

“ಯಜಮಾನ್ರು ಹೋಗಿ...”

“ಯುಗಾದಿಗೆ ಎರಡು ವರ್ಷ.”

“ಮಾಡಿದ ಕಾಫಿ?”

“ಎರಡು ಲೋಟಾನೂ ನಾನೇ ಕುಡೀತೀನಿ.”

ಬಸ್ಸು ಬಂತು. ಮರಿಯಪ್ಪ ಹತ್ತಲಿಲ್ಲ.

“ಏಳಿ, ವಠಾರ ಹತ್ರಾನೇ ಐತೆ. ನಡ್ಕೊಂಡೇ ಹೋಗಿ ನೋಡೋಣ.”

ಅವರು ರಸ್ತೆ ದಾಟುತ್ತಿದ್ದಂತೆ ಹಿಂದಿದ್ದ ಅಂಗಡಿಯೊಂದರ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ಆಕೆ ತಿರುಗಿ ನೋಡಿದರು. ಮರಿಯಪ್ಪ ನಿಂತು ಕಾದ.