ಜೈಲಿಗೆ ಬಂದ ಕಾಗದ

ನಾರ್ತ್‌ವಿಲ್ ಅಂಚೆ ಕಚೇರಿಯ ಸಾಲಿನಲ್ಲಿ, ಮುಂದೆ ನಿಂತ ಗಂಡಹೆಂಡಿರ ಬಾಯಲ್ಲಿ ಕನ್ನಡ ಕೇಳಿ ವತ್ಸಲಾಳ ಕಿವಿ ನೆಟ್ಟಗಾಯಿತು.

“ಮಾವನವರು ಜೈಲಿನ ಅಡ್ರೆಸ್ಸಿಗೆ ಯಾಕ್ರೀ ಕಾಗದ ಹಾಕಿದ್ರು?”

“ನಾನು ಜೈಲಿನ ಲಕೋಟೇಲೇ ಬರೆದಿದ್ದೆ. ಕೈದಿಗಳಿಗೂ ಡಾಕ್ಟರ್ ಇರ್ಬೇಕು ಅಂತ ಸ್ಟೇಟ್ ಹೊಸ ಕಾನೂನು ಮಾಡಿದೆ, ಅದಕ್ಕೇ ಈ ಕೆಲಸ ಸಿಕ್ತು ಅಂತ.”

“ನಂಬಿದ್ರಾ?”

“ಎಲ್ಲಿ! ‘ಸುಳ್ಳು ಬೇಡ. ಏನೇ ಮಾಡಿದ್ರೂ ನೀನು ನನ್ನ ಮಗ. ಬಿಡಿಸ್ಕೊಂಡು ಹೋಗೋಕೆ ನಾನೇ ಬರ್ತೀನಿ’ ಅಂತ ಬರೆದಿದಾರೆ.”

“ಅಯ್ಯೋ ದೇವರೇ! ಕೊಡಿ ಆ ಕಾಗದಾನ.”

“ನನ್ನ ಹತ್ರ ಇಲ್ಲ ಕಣೇ. ಅದರಲ್ಲಿದ್ದದ್ದನ್ನ ಒಬ್ಬ ಕೈದಿಗೆ ಇಂಗ್ಲಿಷಲ್ಲಿ ಹೇಳ್ದೆ. ಅವನ ಅಪ್ಪ ಹನ್ನೊಂದು ವರ್ಷದಿಂದ ಒಂದು ಸಾಲೂ ಬರೆದಿಲ್ಲ. ಕನ್ನಡ ಅಕ್ಷರ ಬರದಿದ್ರೂ ಕಾಗದ ಇಸ್ಕೊಂಡು ದಿಂಬಿನ ಕೆಳಗೆ ಇಟ್ಕೊಂಡಿದಾನೆ.”

ಕೌಂಟರಿನವಳು ಕರೆದಳು. ಹೆಂಡತಿ ಮೂಗೊರೆಸಿಕೊಂಡಳು.

“ನಿಜ ಏನೂಂತ ಇವತ್ತೇ ಬರೀರಿ. ಕಾಗದ ಮಾತ್ರ ಸೇರ್ಬೇಕಾದೋರಿಗೇ ಸೇರ್ತು ಅಂತ್ಲೂ ಬರೀರಿ,” ಎನ್ನುತ್ತ ಮುಂದೆ ನಡೆದಳು.