ಏಳರಿಂದ ಭಾಗ ಹೋಗುವ ಬಾಗಿಲು

ಕಿವಿ ಮಂದ ಎಂದು ಹೇಳಿಕೊಂಡೇ ಇಡೀ ಮಹಡಿಯ ಸುದ್ದಿ ಕೇಳಿಸಿಕೊಳ್ಳುವ ಅಜ್ಜಿ ಲಿಫ್ಟಿಗೆ ಕಾಯುತ್ತಿದ್ದರು. ಎದುರು ಮನೆಯ ಗಣಿತದ ಮೇಷ್ಟ್ರು ತಮ್ಮ ಬಾಗಿಲಿನ ನಂಬರ್ ಬೀಗವನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಬೀಗ ಜಪ್ಪಯ್ಯ ಅನ್ನಲಿಲ್ಲ. ಹೆಂಡತಿ ತರಕಾರಿ ಚೀಲ ಹಿಡಿದು ಮಜಾ ನೋಡುತ್ತಿದ್ದಳು.

"ನಂಬರ್ ತಪ್ಪಾಗೋಕೆ ಸಾಧ್ಯವೇ ಇಲ್ಲ ಕಣೇ. ಆರಂಕಿಯ ಅವಿಭಾಜ್ಯ ಸಂಖ್ಯೆ! ಒಂದು ಮತ್ತು ತಾನು ಬಿಟ್ರೆ ಇನ್ಯಾರಿಗೂ ಬಗ್ಗಲ್ಲ."

"ನಿಮ್ಮಮ್ಮನ ಥರ."

"ಅಮ್ಮನ ಸುದ್ದಿ ಯಾಕೀಗ?"

"ಪಾಪ, ಅವರಿಗೂ ಅದು ನೆನಪಿರಲ್ಲ. ಅದಕ್ಕೇ ನಿನ್ನೆ ಬದಲಾಯಿಸ್ದೆ. ನಮ್ಮಪ್ಪನ ಸ್ಕೂಟರ್ ನಂಬರ್ರು, ನಾನೂರ ಎಂಬತ್ತೆರಡು, ಎರಡು ಸಲ."

ಮೇಷ್ಟ್ರು ಎದೆ ಹಿಡಿದುಕೊಂಡರು.

"ಅಯ್ಯೋ! ಯಾವ ಮೂರಂಕಿನಾದ್ರೂ ಎರಡು ಸಲ ಬರೆದ್ರೆ ಏಳರಿಂದ ಭಾಗ ಹೋಗುತ್ತೆ. ಹನ್ನೊಂದರಿಂದ, ಹದಿಮೂರರಿಂದಲೂ ಹೋಗುತ್ತೆ! ಮಾನ ಮರ್ಯಾದೆ ಇಲ್ಲದ ಸಂಖ್ಯೆ ಅದು!"

"ಕಳ್ಳ ಏನು ಭಾಗಾಕಾರ ಮಾಡ್ಕೊಂಡು ಬರ್ತಾನಾ?"

ಅವಳು ಒತ್ತಿದಳು, ಬಾಗಿಲು ತೆರೆಯಿತು. ಆಗಲೇ ಅವಳ ಕಣ್ಣು ಅಜ್ಜಿಯ ಮೇಲೆ ಬಿತ್ತು.

"ಅಜ್ಜಿ, ನಂಬರ್ ಕೇಳಿಸ್ತಾ?"

"ನಂಗೆಲ್ಲಿ ಕೇಳಿಸುತ್ತೆ ತಾಯಿ? ಏಳರಿಂದ ಭಾಗ ಹೋಗುತ್ತೆ ಅನ್ನೋದೊಂದು ಕಿವಿಗೆ ಬಿತ್ತು, ಅಷ್ಟೇ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಒಳಗೆ ಹೋದರು. ಹೋದವರು ಚಿಲಕವನ್ನೂ ಹಾಕಿಕೊಂಡರು.